ಕ್ಷೇತ್ರ, ವಾಸ್ತು ಮತ್ತು ಒಂದು ಬಾಡಿಗೆಯ ಲೆಕ್ಕ

ಶ್ರಾವಕನು ತನ್ನ ಸೊತ್ತಿಗೆ ತಾನೇ ಮಿತಿ ಹಾಕಿಕೊಳ್ಳುವ ಅಣುವ್ರತಕ್ಕೆ ಪರಿಗ್ರಹ ಪರಿಮಾಣವೆಂದು ಹೆಸರು. ಆ ಮಿತಿಯನ್ನು ಮೀರುವ ಬಗೆಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ಮೊದಲು ಹೇಳುವುದು ಕ್ಷೇತ್ರ ಮತ್ತು ವಾಸ್ತುಗಳನ್ನು, ಎಂದರೆ ಭೂಮಿಯನ್ನೂ ಮನೆಯನ್ನೂ. ಬೆಳ್ಳಿ ಬಂಗಾರಗಳು ಅನಂತರ ಬರುತ್ತವೆ. ಸ್ವಾಧ್ಯಾಯದ ಗೋಷ್ಠಿಗಳಲ್ಲಿ ಈ ಸೂತ್ರವನ್ನು ನಾನು ಹಲವು ಸಲ ವಿವರಿಸಿದ್ದೇನೆ. ಆದರೆ ಈ ಅನುಕ್ರಮದ ಅರ್ಥವು ನನಗೆ ತಿಳಿದದ್ದು ಹೊಸಪೇಟೆಯಲ್ಲಿರುವ ನನ್ನದೇ ಒಂದು ಮನೆಯಿಂದ. ಪ್ರತಿಕ್ರಮಣದ ಭಾವದಿಂದ ಅದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ವಿಜಯನಗರದ ಅರಸರ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆಗಳ ನೀರಿನಿಂದ ಬೆಳೆದ ಕಬ್ಬು, ಬಾಳೆ, ಭತ್ತಗಳ ವ್ಯಾಪಾರವೇ ನಮ್ಮ ಊರಿನ ಜೀವಾಳವಾಗಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದ ಮೇಲೆ ಊರು ಬೆಳೆಯಿತು. ಆದರೂ ವರ್ತಕನೂ ದರ್ಜಿಯೂ ಒಂದೇ ಓಣಿಯಲ್ಲಿ ಬಾಳುವುದು ಸಾಧ್ಯವಿತ್ತು. 2003ರ ಈಚೆಗೆ ಚೀನದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿತು. ಸಂಡೂರಿನ ಬೆಟ್ಟಗಳಿಂದ ಅದಿರನ್ನು ಹೊತ್ತ ಲಾರಿಗಳು ಹಗಲಿರುಳು ಬಂದರುಗಳ ಕಡೆಗೆ ಸಾಗಿದವು. ಕೆಂಪು ಧೂಳಿನೊಡನೆ ನಿವೇಶನಗಳ ದರವೂ ಮೇಲೇರಿತು.

ನಮ್ಮ ಹಿಂಬದಿಯ ಮಾಳಿಗೆ ಮನೆಯಲ್ಲಿ ಒಂದು ದರ್ಜಿ ಕುಟುಂಬವು ಹದಿನೆಂಟು ವರ್ಷಗಳಿಂದ ವಾಸವಾಗಿತ್ತು. ಬಾಡಿಗೆ ತಿಂಗಳಿಗೆ ಎಂಟುನೂರು ರೂಪಾಯಿ. 2007ರಲ್ಲಿ ಅದಿರು ಸಾಗಣೆಯ ಕಚೇರಿಯೊಂದು ಅದೇ ಮನೆಗೆ ಆರು ಸಾವಿರ ಕೊಡಲು ಮುಂದೆ ಬಂದಿತು. ಬಿ.ಕಾಂ. ಓದಿದ ನನಗೆ ಬೇಡಿಕೆ ಪೂರೈಕೆಗಳ ನಿಯಮವು ಬಾಯಿಪಾಠವಾಗಿತ್ತು. ಎರಡು ತಿಂಗಳ ಗಡುವು ಕೊಟ್ಟೆ. ದರ್ಜಿಯು ಕೈಮುಗಿದು, "ಸಾವ್ಕಾರ್ರೇ, ಹುಡುಗೀದು ಹತ್ತನೇತ್ತ ಪರೀಕ್ಷೆ ಮುಗಿಯೋತನಕ ಇರಾಕ ಬಿಡ್ರಿ" ಎಂದು ಬೇಡಿದನು. ಆ ದರ ಇನ್ನೊಂದು ಸಲ ಬಾರದೆಂದು ನಾನು ಉತ್ತರಿಸಿದೆ. ಅವರು ಕಂಪ್ಲಿಗೆ ಹೊರಟುಹೋದರು.

2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಕಚೇರಿಯವರು ನಾಲ್ಕು ತಿಂಗಳ ಬಾಕಿಯನ್ನು ಉಳಿಸಿ ಬೀಗ ಹಾಕಿದರು. ಮನೆ ಎರಡು ವರ್ಷ ಖಾಲಿ ಬಿದ್ದಿತು. ಹೀಗಿದ್ದರೂ ಖಾತೆಯಲ್ಲಿ ನನಗೆ ಲಾಭವೇ ಇತ್ತೆಂಬುದನ್ನು ಮರೆಮಾಚಲಾರೆ.

ಆ ಬಳಿಕ ಒಮ್ಮೆ ಭತ್ತದ ಖರೀದಿಗೆಂದು ಕಂಪ್ಲಿಗೆ ಹೋದಾಗ ದರ್ಜಿಯು ಪೇಟೆಯಲ್ಲಿ ಕಂಡು, ಒತ್ತಾಯದಿಂದ ಮನೆಗೆ ಕರೆದೊಯ್ದನು. ಅವನ ಹೆಂಡತಿಯು ಬಿಳಿಯ ಬಟ್ಟೆಯಲ್ಲಿ ನೀರನ್ನು ಸೋಸಿ ತಂದುಕೊಟ್ಟಳು. ನಮ್ಮ ನೆರೆಯಲ್ಲಿದ್ದು ಕಲಿತ ರೂಢಿಯನ್ನು ಅವಳು ಬಿಟ್ಟಿರಲಿಲ್ಲ. ಮಗಳ ವಿಷಯ ಕೇಳಿದೆ. ವರ್ಷದ ನಡುವೆ ಶಾಲೆ ತಪ್ಪಿದ್ದರಿಂದ ಅವಳು ಪರೀಕ್ಷೆಗೆ ಕೂರಲಿಲ್ಲವೆಂದೂ ಮರುವರ್ಷ ಮದುವೆ ಮಾಡಿದರೆಂದೂ ತಿಳಿಯಿತು. ದೂರುವ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಕ್ಕೆ ಅಂಜುವ ನಾನು, ಓಣಿಯಲ್ಲಿ ಕಣ್ಣೆದುರಿಗಿದ್ದ ಬಾಲಕಿಯನ್ನು ಕಾಣದೆಹೋದೆನಲ್ಲಾ ಎಂದು ಆ ನೀರು ಗಂಟಲಲ್ಲಿ ಇಳಿಯಲಿಲ್ಲ.

ಇದು ನಮ್ಮ ಸೀಮೆಯೊಂದರ ಸಂಕಟವಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಸೇಂಟ್ ಐವ್ಸ್ ಎಂಬ ಕಡಲತೀರದ ಬಂದರು ಊರಿನಲ್ಲಿ, ರಜೆಗಷ್ಟೇ ಬರುವ ಹಣವಂತರು ಮನೆಗಳನ್ನು ಕೊಂಡು, ಊರಿನ ಮಕ್ಕಳಿಗೇ ಅಲ್ಲಿ ಮನೆ ಎಟುಕದಂತಾಯಿತು. 2016ರಲ್ಲಿ ಅಲ್ಲಿನ ಜನರು ಮತದಾನ ಮಾಡಿ, ಹೊಸದಾಗಿ ಕಟ್ಟುವ ಮನೆಗಳು ಅಲ್ಲಿಯೇ ನೆಲೆಸುವವರಿಗೆ ಮೀಸಲಿರಬೇಕೆಂಬ ನಿಯಮಕ್ಕೆ ಒಪ್ಪಿಗೆಯಿತ್ತರು. ಅವರು ಕಾನೂನಿನಿಂದ ಮಾಡಹೊರಟದ್ದನ್ನು ಶ್ರಾವಕನು ವ್ರತದಿಂದಲೇ ಮಾಡಬಹುದು.

2021ರಲ್ಲಿ ಹೊಸಪೇಟೆಯು ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ದಲ್ಲಾಳಿಗಳು ಪುನಃ ಬಾಗಿಲು ತಟ್ಟಿದರು. ಹಂಪಿಯ ಪ್ರವಾಸಿಗರಿಗಾಗಿ ಆ ಮನೆಯನ್ನು ಕೆಡವಿ ವಸತಿಗೃಹ ಕಟ್ಟೋಣವೆಂದು ನನ್ನ ಮಗನ ಅಪೇಕ್ಷೆ. "ಅಪ್ಪಾಜಿ, ನಮ್ಮ ಒಂದು ಮನೆಯಿಂದ ಊರು ಉಳಿಯುವುದೇ?" ಎಂದು ಅವನು ಕೇಳಿದನು. ಉಳಿಯದಿರಬಹುದು. ಆದರೆ ನನ್ನ ವ್ರತಕ್ಕೆ ಒಳಪಡುವುದು ನನ್ನ ಸೊತ್ತು ಮಾತ್ರ ಎಂದೆ. ದುಡಿದುಣ್ಣುವ ಕುಟುಂಬಕ್ಕೇ ಮನೆ ಕೊಡಬೇಕು, ಬಾಡಿಗೆಯು ಅವರ ಗಳಿಕೆಯ ಐದರಲ್ಲೊಂದು ಪಾಲನ್ನು ಮೀರಬಾರದು, ಮಕ್ಕಳ ಶಾಲೆಯ ವರ್ಷದ ನಡುವೆ ಬಿಡಿಸಬಾರದು ಎಂದು ನಿಯಮ ಮಾಡಿಕೊಂಡಿದ್ದೇನೆ. ಮಗನು ಇನ್ನೂ ಪೂರ್ಣವಾಗಿ ಒಪ್ಪಿಲ್ಲ. ಬಸದಿಗಳ ಮನೆ, ಮಳಿಗೆಗಳನ್ನು ಬಾಡಿಗೆಗೆ ಕೊಡುವ ಟ್ರಸ್ಟಿನವರೂ ಹರಾಜಿನ ಮೊತ್ತದ ಜೊತೆಗೆ, ಅದರಿಂದ ಹೊರಹೋಗುವವರು ಯಾರೆಂಬುದನ್ನು ಗಮನಿಸಬೇಕೆಂದು ನನ್ನ ವಿನಂತಿ.

ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಕುಂಥುಜಿನನಾಥನ ಚೈತ್ಯಾಲಯವಿದೆ. 1385ರಲ್ಲಿ ದಂಡನಾಯಕ ಇರುಗಪ್ಪನು ಕಟ್ಟಿಸಿದನೆಂದು ಅದರ ಮುಂದಿನ ದೀಪಸ್ತಂಭದ ಶಾಸನ ಹೇಳುತ್ತದೆ. ಜನರು ಮಾತ್ರ ಅದನ್ನು ಗಾಣಗಿತ್ತಿಯ ಗುಡಿಯೆಂದೇ ಕರೆಯುತ್ತಾರೆ. ಎಣ್ಣೆ ಮಾರುವ ಹೆಂಗಸಿನ ಹೆಸರನ್ನು ಊರು ಇಷ್ಟು ಕಾಲ ಬಿಟ್ಟುಕೊಟ್ಟಿಲ್ಲ. ಅಂದು ಕಂಪ್ಲಿಯಿಂದ ಹಿಂದಿರುಗುವಾಗ ಅಲ್ಲಿ ಇಳಿದು, ಸ್ವಾಮಿಯ ಆ ಗುಡಿಗೆ ನಮಸ್ಕರಿಸಿ, ನನ್ನ ತಪ್ಪನ್ನು ಒಪ್ಪಿಕೊಂಡೆ.