ಗೋಧಿ ತೆನೆಯ ಪಕ್ಷ, ದೇವದಾರು ಕಾಡಿನ ಶಾಲೆ

ಮೊರಾಕ್ಕೊದ ರಾಜಧಾನಿ ರಬಾತ್‌ನಿಂದ ರೈಲಿನಲ್ಲಿ ಮೆಕ್ನೆಸ್ ತಲುಪಿ, ಅಲ್ಲಿಂದ ದಕ್ಷಿಣಕ್ಕೆ ಬೆಟ್ಟದ ದಾರಿ ಹಿಡಿದರೆ ಅಜ್ರೂ ಎಂಬ ಪಟ್ಟಣ ಸಿಗುತ್ತದೆ. ಇದು ಮಧ್ಯ ಅಟ್ಲಾಸ್ ಪರ್ವತಸೀಮೆ. ಸುತ್ತಲೂ ದೇವದಾರು ಜಾತಿಯ ಮರಗಳ ಕಾಡು, ಕಾಡಿನಲ್ಲಿ ಬಾಲವಿಲ್ಲದ ಕೋತಿಗಳು, ಚಳಿಗಾಲದಲ್ಲಿ ಹಿಮ. ಅರಬ್ ರಾಜ್ಯವೆಂದರೆ ಬರೀ ಮರಳುಗಾಡು ಎಂದುಕೊಂಡು ಬಂದವರು ಕಣ್ಣುಜ್ಜಿಕೊಳ್ಳಬೇಕು! ಈ ಸೀಮೆಯ ಅನೇಕರ ಮನೆಮಾತು ಅರಬ್ಬಿಯೂ ಅಲ್ಲ. ಅದು ಅಮಾಜಿಗ್, ಹೊರಗಿನವರು ಬರ್ಬರ್ ಎಂದು ಕರೆದ ಭಾಷೆ.

ಅಜ್ರೂವಿನಲ್ಲಿ ಒಂದು ಶಾಲೆಯಿದೆ. 1927ರಲ್ಲಿ ಫ್ರೆಂಚರು ಬರ್ಬರ್ ಮುಖಂಡರ ಮಕ್ಕಳಿಗಾಗಿ ಅದನ್ನು ತೆರೆದರು. ಈ ಮಕ್ಕಳನ್ನು ಅರಬ್ಬಿಯಿಂದ ದೂರವಿಟ್ಟರೆ ನಾಡನ್ನು ಆಳುವುದು ಸುಲಭ ಎಂಬುದು ಅವರ ಲೆಕ್ಕಾಚಾರ. ಅದು ತಲೆಕೆಳಗಾಯಿತು. ಅಲ್ಲಿ ಓದಿದ ಹಲವರು ಸ್ವಾತಂತ್ರ್ಯ ಚಳವಳಿಗೇ ಸೇರಿದರು. ಉಲ್ಮೆಸ್ ಊರಿನ ಮಹ್ಜೂಬಿ ಅಹರ್ದಾನ್ ಅಂಥವರಲ್ಲೊಬ್ಬರು. ಸೈನಿಕ, ಕವಿ, ಚಿತ್ರಕಾರ ಎಲ್ಲವೂ ಆಗಿದ್ದ ಮನುಷ್ಯ.

1956ರಲ್ಲಿ ಸ್ವಾತಂತ್ರ್ಯ ಬಂದಾಗ ಇಸ್ತಿಕ್ಲಾಲ್ ಪಕ್ಷದ್ದೇ ಮೇಲುಗೈ. ಅದರ ನಾಯಕರಲ್ಲಿ ಹೆಚ್ಚಿನವರು ಫೆಜ್‌ನಂಥ ನಗರಗಳ ಅರಬ್ಬಿ ಪಂಡಿತ ಮನೆತನದವರು. ಹಳ್ಳಿಗಾಡಿನ ಮಾತು ಕೇಳುವವರಾರು? ಅಹರ್ದಾನ್ ಮತ್ತು ವೈದ್ಯ ಅಬ್ದುಲ್ ಕರೀಮ್ ಖತೀಬ್ 1957ರಲ್ಲಿ ‘ಜನತಾ ಚಳವಳಿ’ ಪಕ್ಷ ಕಟ್ಟಿದರು. ಮರುವರ್ಷ ಇಬ್ಬರೂ ಸೆರೆಮನೆ ಕಂಡರು. 1959ರಲ್ಲಿ ಪಕ್ಷಕ್ಕೆ ಕಾನೂನಿನ ಮನ್ನಣೆ ಸಿಕ್ಕಿತು. ಚಿಹ್ನೆ ಗೋಧಿ ತೆನೆ. 1962ರ ಸಂವಿಧಾನ ಏಕಪಕ್ಷ ಪದ್ಧತಿಯನ್ನೇ ನಿಷೇಧಿಸಿತು. ಇದು ಅರಮನೆಗೂ ಬೇಕಾಗಿದ್ದ ನಿಯಮ ಎನ್ನುವುದನ್ನು ಮರೆಯಬಾರದು. ಒಂದೇ ಪಕ್ಷ ಬಲಿತರೆ ಸಿಂಹಾಸನಕ್ಕೇ ಆತಂಕ.

ಮಧ್ಯಮ ಪಂಥವೆಂದರೆ ಇಲ್ಲಿ ಎಡಕ್ಕೂ ವಾಲದೆ, ದೊರೆಯನ್ನೂ ಎದುರಿಸದೆ ನಡೆಯುವುದು. ಅಹರ್ದಾನ್ 1961ರಲ್ಲೇ ರಕ್ಷಣಾ ಮಂತ್ರಿಯಾದರು. ಆಮೇಲೆ ಪಕ್ಷ ಒಡೆಯಿತು. 1967ರಲ್ಲಿ ಬೇರೆಯಾದ ಖತೀಬರ ಕವಲು ಇಸ್ಲಾಂವಾದಿಗಳಿಗೆ ಆಸರೆಯಾಗಿ, 1998ರಲ್ಲಿ ‘ನ್ಯಾಯ ಮತ್ತು ಅಭಿವೃದ್ಧಿ ಪಕ್ಷ’ವಾಗಿ ಮಾರ್ಪಟ್ಟು, 2011ರಿಂದ 2021ರವರೆಗೆ ಸರ್ಕಾರದ ನೇತೃತ್ವವನ್ನೇ ವಹಿಸಿತು. 1986ರಲ್ಲಿ ಅಹರ್ದಾನರನ್ನೇ ಅವರ ಪಕ್ಷ ಇಳಿಸಿತು. 2016ರ ಚುನಾವಣೆಯಲ್ಲಿ 395 ಸ್ಥಾನಗಳಲ್ಲಿ ತೆನೆಗೆ ದಕ್ಕಿದ್ದು 27.

ಹಾಗಾದರೆ ಆ ಮನೆಮಾತು ಏನಾಯಿತು? 2001ರಲ್ಲಿ ದೊರೆ ಆರನೇ ಮೊಹಮ್ಮದ್ ಇದೇ ಸೀಮೆಯ ಅಜ್ದಿರ್‌ನಲ್ಲಿ ಅಮಾಜಿಗ್ ಸಂಸ್ಕೃತಿಯ ಸಂಸ್ಥೆಯನ್ನು ಘೋಷಿಸಿದರು. 2003ರಲ್ಲಿ ಶಾಲೆಗಳಲ್ಲಿ ಪಾಠ ಶುರುವಾಯಿತು. ತಿಫಿನಾಗ್ ಎಂಬ ಪುರಾತನ ಲಿಪಿ ಮಕ್ಕಳ ಪುಸ್ತಕಕ್ಕೆ ಬಂತು. 2011ರ ಸಂವಿಧಾನದಲ್ಲಿ ಅದು ಅರಬ್ಬಿಯ ಜೊತೆಗೆ ಅಧಿಕೃತ ಭಾಷೆಯಾಯಿತು. ಪಕ್ಷ ದಶಕಗಳ ಕಾಲ ಕೇಳಿದ್ದನ್ನು ಅರಮನೆ ತನ್ನ ಕೈಯಿಂದಲೇ ಕೊಟ್ಟಂತಾಯಿತು. ಅಹರ್ದಾನ್ 2020ರಲ್ಲಿ ತೀರಿಕೊಂಡರು. ಇದನ್ನೆಲ್ಲ ಕಣ್ಣಾರೆ ಕಂಡೇ ಹೋದರು.

ಫ್ರೆಂಚರ ಆ ಶಾಲೆ ಈಗ ತಾರಿಕ್ ಇಬ್ನ್ ಜಿಯಾದ್ ಹೆಸರಿನಲ್ಲಿ ನಡೆಯುತ್ತಿದೆ. 711ರಲ್ಲಿ ಸ್ಪೇನಿಗೆ ದಾಟಿದ ಬರ್ಬರ್ ಸೇನಾನಿ ಆತ. ಸರ್ಕಾರಿ ಕಟ್ಟಡಗಳ ಫಲಕದಲ್ಲಿ ತಿಫಿನಾಗ್ ಅಕ್ಷರಗಳಿವೆ. ಆದರೆ ಮಗ ವೈದ್ಯನಾಗಬೇಕು, ಮಗಳು ಎಂಜಿನಿಯರ್ ಆಗಬೇಕು ಎನ್ನುವ ತಂದೆತಾಯಿ ಇಂದಿಗೂ ಮೊದಲು ವಿಚಾರಿಸುವುದು ಫ್ರೆಂಚ್ ಪಾಠದ ಬಗ್ಗೆ.