ಸರ್ವರ್ ರೂಮಿನ ಸ್ವೆಟರ್

ಮೇ ತಿಂಗಳ ಬಿಸಿಲಲ್ಲಿ ಬ್ಯಾಗಿಗೆ ಸ್ವೆಟರ್ ತುರುಕಿಕೊಂಡು ಬಸ್ ಹತ್ತುವ ಹುಡುಗಿಯನ್ನು ಕಂಡರೆ ಪಕ್ಕದ ಸೀಟಿನವರಿಗೆ ಅನುಮಾನ ಬರೋದು ಸಹಜ. "ಊಟಿಗಾ?" ಅಂತ ಒಬ್ಬರು ಕೇಳಿಯೂ ಇದ್ದರು. ಇಲ್ಲ ಆಂಟಿ, ವೈಟ್‌ಫೀಲ್ಡಿಗೆ. ಅಲ್ಲಿನ ಒಂದು ಕಂಪನಿಯ ಡೇಟಾ ಸೆಂಟರ್‌ನಲ್ಲಿ ನನ್ನ ಕೆಲಸ. ಹೊರಗೆ 34 ಡಿಗ್ರಿ, ಒಳಗೆ ಹಲ್ಲು ಕಟಕಟ.

ಡೇಟಾ ಸೆಂಟರ್ ಅಂದ ತಕ್ಷಣ ಸಿನಿಮಾದಲ್ಲಿ ತೋರಿಸ್ತಾರಲ್ಲ ಆ ನೀಲಿ ದೀಪಗಳ ಸಾಮ್ರಾಜ್ಯ ಕಲ್ಪಿಸಿಕೊಳ್ಳಬೇಡಿ. ನಮ್ಮದು ಒಂದೇ ಹಾಲ್, ನಲವತ್ತು ರ‍್ಯಾಕು, ಗೋಡೆಗೆ ಒರಗಿ ನಿಂತ ಬೀರುವಿನಂಥ ಆರು ಎಸಿ ಯಂತ್ರಗಳು. 2023ರ ಮೇನಲ್ಲಿ ಇದರ ಉಸ್ತುವಾರಿ ನನ್ನ ತಲೆಗೆ ಬಂತು. ಜೊತೆಗೆ ಒಬ್ಬ ಎಸಿ ಟೆಕ್ನಿಷಿಯನ್. ಮಂಡ್ಯ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಅಣ್ಣ ಅಂತಿದ್ದೆ, ಅವರು ಎಷ್ಟು ಬೇಡ ಅಂದರೂ ಮೇಡಂ ಅಂತಿದ್ದರು.

ಮೊದಲ ವಾರ ಥರ್ಮಾಮೀಟರ್ ಹಿಡಿದು ಸುಮ್ಮನೆ ಸುತ್ತಿದೆ. ಒಂದು ರ‍್ಯಾಕಿನ ಮುಂದೆ 16 ಡಿಗ್ರಿ. ನಾಲ್ಕು ಹೆಜ್ಜೆ ಆಚೆ ಇನ್ನೊಂದರ ತಲೆಯ ಹತ್ತಿರ 29. ಒಂದೇ ಕೋಣೆಯಲ್ಲಿ ಮಡಿಕೇರಿಯೂ ಇತ್ತು, ರಾಯಚೂರೂ ಇತ್ತು. ಯಾಕೆ ಅಂದರೆ ರ‍್ಯಾಕುಗಳಲ್ಲಿ ಖಾಲಿ ಬಿಟ್ಟ ಜಾಗಗಳನ್ನು ಯಾರೂ ಮುಚ್ಚಿರಲಿಲ್ಲ. ಸರ್ವರ್ ಮುಂದಿನಿಂದ ತಣ್ಣನೆ ಗಾಳಿ ಎಳೆದು ಹಿಂದಿನಿಂದ ಬಿಸಿ ಗಾಳಿ ಬಿಡುತ್ತೆ. ಆ ಬಿಸಿ ಗಾಳಿ ಖಾಲಿ ಕಿಂಡಿಯಲ್ಲಿ ನುಸುಳಿ ಮತ್ತೆ ಮುಂದಕ್ಕೆ ಬರ್ತಿತ್ತು. ಬಿಸಿ ಅಂತ ದೂರು ಬಂದಾಗಲೆಲ್ಲ ಹಿಂದಿನವರು ಮಾಡಿದ್ದು ಒಂದೇ, ಎಸಿಯನ್ನು ಇನ್ನೊಂದು ಡಿಗ್ರಿ ಇಳಿಸೋದು. ಸೋರುವ ಬಿಂದಿಗೆಗೆ ಜೋರಾಗಿ ನಲ್ಲಿ ಬಿಟ್ಟ ಹಾಗೆ.

ಅದಕ್ಕಿಂತ ತಮಾಷೆ ಮೂರನೇ ಎಸಿ ಮತ್ತು ಐದನೇ ಎಸಿಯದ್ದು. ಮೂರನೆಯದರ ಕಾಯಿಲ್ ಎಷ್ಟು ತಣ್ಣಗಿತ್ತೆಂದರೆ ಗಾಳಿಯಲ್ಲಿದ್ದ ತೇವವೆಲ್ಲ ಅದರ ಮೇಲೆ ನೀರಾಗಿ ಇಳಿದು ಪೈಪಿನಲ್ಲಿ ಹೊರಗೆ ಹೋಗ್ತಿತ್ತು. ಎದುರಿಗಿದ್ದ ಐದನೆಯದು "ಅಯ್ಯೋ, ಗಾಳಿ ಒಣಗಿಹೋಯ್ತು" ಅಂತ ಗಾಬರಿಬಿದ್ದು, ಒಳಗಿನ ಹೀಟರಿನಲ್ಲಿ ನೀರು ಕುದಿಸಿ ಆವಿ ಬಿಡ್ತಿತ್ತು. ಒಂದು ಹಿಂಡೋದು, ಇನ್ನೊಂದು ತುಂಬೋದು. ಎರಡೂ ಹಗಲು ರಾತ್ರಿ ಕರೆಂಟ್ ಕುಡಿಯೋದು. ಮೂರನೆಯದರ ಪೈಪಿಗೆ ಅಣ್ಣ ಹೊರಗೆ ಒಂದು ಬಕೆಟ್ ಇಟ್ಟಿದ್ದರು. ದಿನಾ ತುಂಬ್ತಿತ್ತು. ಆ ನೀರನ್ನು ಹಿಂದಿನ ಗೇಟಿನ ಹತ್ತಿರ ತಾವೇ ನೆಟ್ಟಿದ್ದ ದಾಸವಾಳಕ್ಕೆ ಹಾಕೋರು. ಗಿಡ ಸೊಂಪಾಗಿತ್ತು.

ಎಸಿ ಸ್ವಲ್ಪ ಏರಿಸೋಣ ಅಂತ ಮ್ಯಾನೇಜರ್ ಹತ್ತಿರ ಹೋದೆ. ಅವರು ಕೆಟ್ಟವರಲ್ಲ, ಹೆದರಿದವರು. "ಏನಮ್ಮಾ, ಕರೆಂಟ್ ಬಿಲ್ ಜಾಸ್ತಿ ಬಂತು ಅಂತ ಇವತ್ತಿನವರೆಗೂ ಯಾರೂ ನನ್ನ ಬೈದಿಲ್ಲ. ಒಂದು ಸರ್ವರ್ ಬಿದ್ದರೆ ಮಾತ್ರ ರಾತ್ರಿ ಮೂರು ಗಂಟೆಗೆ ಫೋನ್ ಬರುತ್ತೆ. ಆಗ ನಿನ್ನ ಹೆಸರು ಹೇಳಲಾ?" ನಾನು ಸುಮ್ಮನಾದೆ. ಈ ಮಾತು ನನಗೆ ಇವತ್ತಿಗೂ ಮುಖ್ಯ. ನಮ್ಮ ಹಾಲಿನ ಚಳಿ ಸರ್ವರ್‌ಗೆ ಬೇಕಾಗಿದ್ದದ್ದಲ್ಲ, ಬಿಲ್ ಕಟ್ಟುವವರು ಒಬ್ಬರು, ಬೈಸಿಕೊಳ್ಳುವವರು ಇನ್ನೊಬ್ಬರು ಆಗಿದ್ದರಿಂದ ಹುಟ್ಟಿದ ಚಳಿ. ಸರ್ವರ್‌ನ ಮೂಗಿಗೆ ಹೋಗುವ ಗಾಳಿ 18ರಿಂದ 27 ಡಿಗ್ರಿವರೆಗೆ ಇದ್ದರೆ ಸಾಕು ಅಂತ ಎಸಿ ಎಂಜಿನಿಯರುಗಳ ಅಮೆರಿಕದ ಸಂಘ ಆಶ್ರೇ 2008ರಲ್ಲೇ ಹೇಳಿತ್ತು. ಹದಿನೈದು ವರ್ಷ ಆದರೂ ನಮ್ಮಲ್ಲಿ ಅದು ಪಿಡಿಎಫ್ ಆಗಿಯೇ ಉಳಿದಿತ್ತು.

ಜೂನ್‌ನಲ್ಲಿ ಸಿಂಗಾಪುರ ನನ್ನ ಕೈ ಹಿಡಿಯಿತು. 2020ರಲ್ಲಿ ಆ ಪುಟ್ಟ ದೇಶದ ಒಟ್ಟು ವಿದ್ಯುತ್ತಿನಲ್ಲಿ ಸುಮಾರು ಶೇ. 7ರಷ್ಟನ್ನು ಡೇಟಾ ಸೆಂಟರ್‌ಗಳೇ ತಿಂದಿದ್ದವು. 2019ರಿಂದ ಹೊಸದಕ್ಕೆ ಅನುಮತಿ ಕೊಡೋದನ್ನೇ ನಿಲ್ಲಿಸಿ, 2022ರಲ್ಲಿ ಬಿಗಿ ಷರತ್ತು ಹಾಕಿ ಮತ್ತೆ ಬಾಗಿಲು ತೆರೆದರು. 2023ರ ಜೂನ್‌ನಲ್ಲಿ ಉಷ್ಣವಲಯದ ಡೇಟಾ ಸೆಂಟರ್‌ಗಳಿಗಾಗಿಯೇ ಒಂದು ಮಾನದಂಡ ತಂದರು. 22 ಡಿಗ್ರಿ, ಅದಕ್ಕಿಂತ ಕಡಿಮೆಯಲ್ಲಿ ಓಡಿಸುವ ಅಭ್ಯಾಸ ಬಿಡಿ, ಹಂತಹಂತವಾಗಿ 26ಕ್ಕೆ, ಅದರಾಚೆಗೆ ಹೋಗಿ. ಒಂದೊಂದು ಡಿಗ್ರಿಗೂ ತಂಪು ಮಾಡುವ ಖರ್ಚಿನಲ್ಲಿ ಶೇ. 2ರಿಂದ 5 ಉಳಿಯುತ್ತೆ ಅಂತ.

ಸಿಂಗಾಪುರಕ್ಕೆ ಚಳಿಗಾಲವೇ ಇಲ್ಲ. ವರ್ಷವಿಡೀ ಬೆವರು. ನಮ್ಮೂರಲ್ಲಾದರೆ ಡಿಸೆಂಬರ್ ರಾತ್ರಿ ಹೊರಗೆ 16 ಡಿಗ್ರಿ ಇರುತ್ತೆ, ಆಗಲೂ ನಾವು ಕಿಟಕಿಯಿಲ್ಲದ ಕಟ್ಟಡದೊಳಗೆ ಕಂಪ್ರೆಸರ್ ಓಡಿಸಿಕೊಂಡು ಕೂತಿರ್ತೀವಿ. (ಹೊರಗಿನ ಗಾಳಿ ಸೋಸಿ ತರೋಣ ಅಂದರೆ ವೈಟ್‌ಫೀಲ್ಡಿನ ಧೂಳು, ಗೋಡೆ ಒಡೆಯಬೇಕು ಅಂದರೆ ಬಿಲ್ಡಿಂಗ್ ಓನರ್.) ಸುದ್ದಿಯನ್ನು ಪ್ರಿಂಟ್ ಹಾಕಿ ಮ್ಯಾನೇಜರ್ ಮೇಜಿನ ಮೇಲಿಟ್ಟೆ. ಸಿಂಗಾಪುರ ಅನ್ನೋ ಹೆಸರಿಗೆ ನಮ್ಮ ಆಫೀಸಿನಲ್ಲಿ ಒಂದು ತೂಕ ಇದೆ. "ಬರವಣಿಗೆಯಲ್ಲಿ ಕೊಡು, ನಿನ್ನ ಸಹಿ ಇರಲಿ" ಅಂದರು. ಕೊಟ್ಟೆ.

ಕೊಟ್ಟೆನಾದರೂ ಎರಡು ತಿಂಗಳು ಏನೂ ಮಾಡಲಿಲ್ಲ. ಸಹಿ ನನ್ನದೇ ಆದ ಮೇಲೆ ನನಗೂ ಚಳಿ ಅರ್ಥವಾಯ್ತು ನೋಡಿ.

ಕೈ ಹಾಕಿಸಿದ್ದು ಅಪ್ಪನ ಫೋನು. ನಮ್ಮದು ತಿಪಟೂರು ಕಡೆ, ತೆಂಗಿನ ತೋಟ. ಆ ವರ್ಷ ಮಳೆ ಕೈಕೊಟ್ಟಿತ್ತು. ಅಕ್ಟೋಬರ್‌ನಲ್ಲಿ ಪಂಪ್‌ಸೆಟ್ಟಿನ ಮೂರು ಫೇಸ್ ಕರೆಂಟನ್ನು ಏಳು ಗಂಟೆಯಿಂದ ಐದಕ್ಕೆ ಇಳಿಸಿದ್ದರು. "ರಾತ್ರಿ ಒಂದೂವರೆಗೆ ಬತ್ತದೆ ಕಣವ್ವ. ಎದ್ದು ಹೋಗಿ ಮೋಟ್ರು ಹಾಕ್ಬೇಕು. ನಿಂಗೇನ್ ಬಿಡು, ಕರೆಂಟೇ ಹೋಗ್ದಿರೋ ಆಫೀಸು" ಅಂದರು. ಅಣಕವೇನಲ್ಲ, ಹೆಮ್ಮೆಯಿಂದಲೇ ಅಂದದ್ದು. ನಾನು ಆಗ ಐದನೇ ಎಸಿ ನೀರು ಕುದಿಸೋದನ್ನು ನೋಡ್ತಾ ನಿಂತಿದ್ದೆ. ನಾನಿಲ್ಲಿ ಉಳಿಸಿದ ಯೂನಿಟ್ ತಂತಿ ಹಿಡಿದು ಅಪ್ಪನ ಮೋಟಾರಿಗೆ ಹೋಗಲ್ಲ ಅಂತ ಗೊತ್ತು. ಆದರೂ ಆ ರಾತ್ರಿಯೇ ಹ್ಯುಮಿಡಿಫೈಯರ್ ಆಫ್ ಮಾಡಿದೆ. ಬೆಳಗಾದರೂ ಏನೂ ಆಗಲಿಲ್ಲ.

ಆಮೇಲೆ ಎರಡು ವಾರ ನಾನು, ಅಣ್ಣ ರಾತ್ರಿ ಪಾಳಿಯಲ್ಲಿ ತೂತು ಮುಚ್ಚಿದ್ದೇ ಮುಚ್ಚಿದ್ದು. ರ‍್ಯಾಕಿನ ಖಾಲಿ ಜಾಗಕ್ಕೆ ಪ್ಲಾಸ್ಟಿಕ್ ಪ್ಯಾನೆಲ್. ಅಣ್ಣ ಮೊದಲು ರಟ್ಟು ಕತ್ತರಿಸಿದ್ದರು, ಬೆಂಕಿ ಹಿಡಿಯುತ್ತೆ ಅಂತ ಸೇಫ್ಟಿಯವರು ಕಿತ್ತು ಹಾಕಿಸಿದರು. ಕೇಬಲ್ ಇಳಿಯೋ ನೆಲದ ತೂತುಗಳಿಗೆ ಬ್ರಷ್ಷು. ರ‍್ಯಾಕಿನ ಎರಡು ಸಾಲುಗಳ ನಡುವೆ, ತಣ್ಣನೆ ಗಾಳಿಯ ಓಣಿಯ ಎರಡೂ ತುದಿಗೆ ಐಸ್‌ಕ್ರೀಮ್ ಗೋಡೌನಿನಲ್ಲಿ ಇರುತ್ತಲ್ಲ ಅಂಥ ಪ್ಲಾಸ್ಟಿಕ್ ಪರದೆ. ಎಸಿಗೆ ವಾಪಸ್ ಬರುವ ಗಾಳಿಯ ಬದಲು ಸರ್ವರ್ ಮುಂದಿನ ಗಾಳಿಯನ್ನು ಅಳೆಯುವ ಹಾಗೆ ಸೆನ್ಸರ್ ಬದಲಿಸಿದೆವು. ಇಷ್ಟಕ್ಕೇ ಮಡಿಕೇರಿ, ರಾಯಚೂರು ಎರಡೂ ಮಾಯ. ಎಲ್ಲ ಕಡೆ 18ರ ಆಸುಪಾಸು. ಆಮೇಲೆ ವಾರಕ್ಕೊಂದು ಡಿಗ್ರಿ ಏರಿಸ್ತಾ ಹೋದೆವು.

23ಕ್ಕೆ ಬಂದ ರಾತ್ರಿ ಅಲಾರಂ ಹೊಡೀತು. ಹದಿನೇಳನೇ ರ‍್ಯಾಕಿನಲ್ಲಿ 33. ಮ್ಯಾನೇಜರ್ ಫೋನ್ ಬರುವ ಮೊದಲೇ ನನ್ನ ಹೊಟ್ಟೆ ತೊಳಸೋಕೆ ಶುರುವಾಗಿತ್ತು. ಪೂರ್ತಿ ವಾಪಸ್ 18ಕ್ಕೆ ಇಳಿಸಿಬಿಡೋಣ ಅಂತ ಬಟನ್ ಮೇಲೆ ಕೈ ಇಟ್ಟಿದ್ದೆ. "ಒಂದ್ನಿಮಿಷ ತಡೀರಿ ಮೇಡಂ" ಅಂತ ಅಣ್ಣ ಟಾರ್ಚ್ ಹಿಡಿದು ರ‍್ಯಾಕಿನೊಳಗೆ ತಲೆ ತೂರಿಸಿ, ಅಂಗೈ ಒಡ್ಡಿ ಗಾಳಿ ನೋಡಿದರು. ನೆಟ್‌ವರ್ಕ್ ಸ್ವಿಚ್ ಒಂದನ್ನು ಯಾರೋ ಹಿಂದುಮುಂದಾಗಿ ಕೂರಿಸಿದ್ದರು. ಬಿಸಿಯನ್ನು ಅದು ತಣ್ಣನೆ ಓಣಿಗೇ ಉಗುಳ್ತಿತ್ತು. ಎಷ್ಟು ವರ್ಷದಿಂದಲೋ. ಆ ಚಳಿಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ ಅಷ್ಟೇ. ಅದನ್ನು ತಿರುಗಿಸಿ ಕೂರಿಸುವಷ್ಟರಲ್ಲಿ ಬೆಳಗ್ಗೆ ಐದು. ಟೀ ಅಂಗಡಿ ತೆರೆದಿತ್ತು.

ಡಿಸೆಂಬರ್ ಹೊತ್ತಿಗೆ 25ಕ್ಕೆ ಬಂದೆವು. ಆರು ಎಸಿಯಲ್ಲಿ ನಾಲ್ಕು ಸಾಕಾಯ್ತು, ಎರಡು ಸ್ಟ್ಯಾಂಡ್‌ಬೈ. ಹುರುಪಿನಲ್ಲಿ ನಾನು 27ಕ್ಕೂ ಏರಿಸಿದೆ. ಇಲ್ಲೊಂದು ಮೋಸ ಇದೆ, ಈ ಕ್ಷೇತ್ರದಲ್ಲಿರೋರು ಗಮನಿಸಿ. ಡೇಟಾ ಸೆಂಟರ್‌ನ ದಕ್ಷತೆಯನ್ನು ಅಳೆಯೋದು ಪಿಯುಇ ಅನ್ನೋ ಅಂಕಿಯಿಂದ: ಇಡೀ ಕಟ್ಟಡ ತಿನ್ನುವ ಕರೆಂಟನ್ನು ಸರ್ವರ್‌ಗಳು ತಿನ್ನುವ ಕರೆಂಟಿನಿಂದ ಭಾಗಿಸಿ. ಒಂದಕ್ಕೆ ಹತ್ತಿರ ಬಂದಷ್ಟೂ ಒಳ್ಳೆಯದು. 27ರಲ್ಲಿ ನಮ್ಮ ಪಿಯುಇ ಚೆನ್ನಾಗಿ ಇಳಿಯಿತು, ಒಟ್ಟು ಮೀಟರ್ ಮಾತ್ರ ಏರಿತು. ಸರ್ವರ್‌ಗಳ ಒಳಗಿನ ಪುಟ್ಟ ಫ್ಯಾನುಗಳು ಸೆಕೆಗೆ ಜೋರಾಗಿ ತಿರುಗೋಕೆ ಶುರುಮಾಡಿದ್ದವು. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ಕೇಳುವ ಕರೆಂಟು ಎಂಟು ಪಟ್ಟು. ಅದೆಲ್ಲ ಸರ್ವರ್‌ನ ಲೆಕ್ಕಕ್ಕೆ ಸೇರೋದರಿಂದ ಅಂಕಿ ಚಂದ ಕಾಣುತ್ತೆ. ವಾಪಸ್ 25ಕ್ಕೆ ಬಂದೆ. ಹೊಸ ಸರ್ವರ್‌ಗಳಿರುವ ಕಡೆ ಇನ್ನೂ ಮೇಲೆ ಹೋಗಬಹುದು, ನಮ್ಮ ಹಳೇ ಸಾಮಾನಿಗೆ ಅಷ್ಟೇ.

ಫೆಬ್ರವರಿಯಲ್ಲಿ ಮ್ಯಾನೇಜರ್ ಮೀಟಿಂಗ್‌ನಲ್ಲಿ ನನ್ನ ಹೆಸರು ಹೇಳಿದರು. ಈ ಸಲ ಒಳ್ಳೆಯದಕ್ಕೆ. ಅದೇ ಮೀಟಿಂಗ್‌ನಲ್ಲಿ ಇನ್ನೊಂದು ವಿಷಯವೂ ಬಂತು. ಎರಡು ಎಸಿ ಓಡದೇ ನಿಂತಿವೆ, ಕರೆಂಟಿನ ಕೋಟಾ ಉಳಿದಿದೆ, ಎಐ ಟೀಮಿನವರಿಗೆ ಜಿಪಿಯು ಹಾಕೋಕೆ ಜಾಗ ಬೇಕಾಗಿದೆ. ಐದು ಹೊಸ ರ‍್ಯಾಕು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನನ್ನ ನಾಲ್ಕು ತಿಂಗಳ ಉಳಿತಾಯವನ್ನು ಆ ಐದು ರ‍್ಯಾಕು ಯುಗಾದಿಯೊಳಗೆ ತಿಂದು ಮುಗಿಸಿದವು. ಬಿಲ್ ಈಗ ಮೊದಲಿಗಿಂತ ಜಾಸ್ತಿಯೇ ಬರುತ್ತೆ. ತೂತು ಮುಚ್ಚದೇ ಹೋಗಿದ್ದರೆ ಇನ್ನೂ ಜಾಸ್ತಿ ಬರ್ತಿತ್ತು ಅಂತ ನನಗೆ ನಾನೇ ಹೇಳಿಕೊಳ್ತೀನಿ. ಲೆಕ್ಕ ಸರಿಯಿದೆ. ಸಮಾಧಾನ ಅಷ್ಟಕ್ಕಷ್ಟೇ.

ಮಾರ್ಚ್‌ನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದ್ದು ನಿಮಗೂ ನೆನಪಿರುತ್ತೆ. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ ಐದು ಸಾವಿರ ದಂಡ ಅಂತ ಆದೇಶ ಬಂದಿತ್ತು. ಒಂದು ಮಧ್ಯಾಹ್ನ ಹಿಂದಿನ ಗೇಟಿನ ಹತ್ತಿರ ಅಣ್ಣ ಖಾಲಿ ಬಕೆಟ್ ಬೋರಲು ಹಾಕಿ ಕೂತಿದ್ದರು. ಕಾಯಿಲ್ ಈಗ ಅಷ್ಟು ತಣ್ಣಗಾಗಲ್ಲ, ನೀರು ಕುದಿಸೋದೂ ನಿಂತಿದೆ. ಪೈಪಲ್ಲಿ ಒಂದು ಹನಿಯೂ ಬರಲ್ಲ. ದಾಸವಾಳ ಎಲೆ ಉದುರಿಸಿಕೊಂಡು ಕಡ್ಡಿಯಾಗಿತ್ತು.

"ನಿಮ್ಮ ಡಿಗ್ರಿ ನನ್ ಗಿಡಕ್ಕೆ ಬಂತು ನೋಡಿ ಮೇಡಂ" ಅಂದರು.

"ಅದು ಟ್ಯಾಂಕರ್ ನೀರೇ ಅಣ್ಣ. ಒಂದು ಎಸಿ ಕುದಿಸ್ತಿತ್ತು, ಇನ್ನೊಂದು ಹಿಂಡ್ತಿತ್ತು, ನೀವು ಗಿಡಕ್ಕೆ ಹಾಕ್ತಿದ್ರಿ."

"ಗೊತ್ತು ಮೇಡಂ. ಆದ್ರೂ ಹೂ ಬಿಡ್ತಿತ್ತಲ್ಲ."

ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಸೆಕ್ಯುರಿಟಿಯವರು ಆ ಕಡೆ ತಿರುಗಿದಾಗ ಬುಡಕ್ಕೆ ಹಾಕಿ ಒಳಗೆ ಹೋದೆ.