ಹನ್ನೊಂದು ಪುಟದ ಪ್ರಶ್ನೆಗಳು

ಅಕ್ಕನ ಮಗ ಪತ್ರಿಕೋದ್ಯಮದಲ್ಲಿ ಪಿಎಚ್‌.ಡಿ. ಮಾಡುವಾಗ ಮಸ್ಕಿಗೆ ಬಂದು ನಮ್ಮ ಮನೆಯಲ್ಲೇ ಠಿಕಾಣಿ ಹೂಡಿದ್ದ. ವಿಷಯ: ಸಂವಹನ ಮತ್ತು ಅಂಚಿನವರ ದನಿ. ಕೈಯಲ್ಲಿ ಹನ್ನೊಂದು ಪುಟದ ಪ್ರಶ್ನಾವಳಿ, ಜೇಬಿನಲ್ಲಿ ಬೆರಳುದ್ದದ ರೆಕಾರ್ಡರ್. ಭತ್ತ ನಾಟಿ ಮಾಡುತ್ತಿದ್ದ ಹೆಂಗಸರೆದುರು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, 'ಸಮೂಹ ಮಾಧ್ಯಮಗಳಲ್ಲಿ ನಿಮ್ಮ ದನಿಗೆ ಅವಕಾಶವಿದೆಯೇ?' ಎಂದು ಓದಿದ. ಸಸಿಯ ಕಟ್ಟು ಬಿಚ್ಚುತ್ತಿದ್ದ ಹಿರಿಯಾಕೆ ಕೆಸರುಗೈಯನ್ನು ಸೊಂಟಕ್ಕೆ ಕೊಟ್ಟು ನೆಟ್ಟಗಾಗಿ, "ಯಾ ಊರಪ್ಪಾ ತಮ್ಮಾ? ಮದುವಿ ಆಗೇತೇನು?" ಎಂದಳು.

ರಾತ್ರಿ ರೆಕಾರ್ಡರ್ ಹಾಕಿದರೆ ತುಂಬ ಅವನದೇ ಜಾತಕ! ಪಗಾರವಿಲ್ಲದ್ದು, ಅವ್ವನ ಮೊಣಕಾಲು ನೋವು, ನೋಡಿಟ್ಟ ಹುಡುಗಿ ಒಲ್ಲೆ ಎಂದದ್ದು. ದನಿಯಿಲ್ಲದವರ ಅಧ್ಯಯನದಲ್ಲಿ ಬಾಯಿಬಿಟ್ಟವನು ಅವನೊಬ್ಬನೇ.

ನಮ್ಮೂರ ಬಂಡೆಯ ಮೇಲಿರುವುದೂ ಇದೇ ವಿಷಯ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಶಾಸನವದು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಗಟ್ಟಿಯಾದದ್ದು ಅದರಿಂದ. ಹೆಸರಿನ ಸಂಭ್ರಮದಲ್ಲಿ ಒಕ್ಕಣೆ ಹಿಂದೆ ಬಿತ್ತು. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ, ಇಬ್ಬರಿಗೂ ತಿಳಿಸಿ ಎಂಬ ಅಪ್ಪಣೆ. ಪ್ರಾಕೃತದ ಆ ಸಾಲುಗಳನ್ನು ಇಲ್ಲಿಯ ದನಗಾಹಿಗೆ ಯಾರು ಬಿಡಿಸಿ ಹೇಳಿದರೋ! ಕೇಳಿದವನು ತಿರುಗಿ ಏನಂದನೆಂದು ಯಾವ ಬಂಡೆಯೂ ಬರೆದುಕೊಂಡಿಲ್ಲ.

ಹುಡುಗನ ಚೀಲದಲ್ಲಿ ವಿನೋದ್ ಪಾವರಾಲ, ಕಾಂಚನ್ ಮಲಿಕ್ ಬರೆದ 'ಅದರ್ ವಾಯ್ಸಸ್' ಇರುತ್ತಿತ್ತು. ಅದರಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ರೇಡಿಯೊದ ಕಥೆಯಿದೆ. ರೇಡಿಯೊ ತರಂಗಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟು ಹೇಳಿದ್ದು 1995ರಲ್ಲಿ. ಹಳ್ಳಿಯ ಜನರ ಸಂಸ್ಥೆಗಳಿಗೂ ಪರವಾನಗಿ ಕೊಡುವ ನೀತಿ ಬಂದದ್ದು 2006ರಲ್ಲಿ, ಎಡದಂಡೆ ನಾಲೆಯ ನೀರು ಕೊನೆಭಾಗದ ಹೊಲಕ್ಕೆ ಬಂದ ಹಾಗೆ. ಅಷ್ಟರವರೆಗೆ ಬೂದಿಕೋಟೆಯವರು ಸುಮ್ಮನೆ ಕೂರದೆ, ಕೇಬಲ್ ತಂತಿಯಲ್ಲೇ ತಮ್ಮ ಮಾತು ಹರಿಸಿದರು. ಇಂಥ ಹಟ ನನಗೆ ಬಲು ಇಷ್ಟ.

ಹುಡುಗ ಈಗ ಡಾಕ್ಟರ್. ಮಹಾಪ್ರಬಂಧ ಇಂಗ್ಲಿಷಿನಲ್ಲಿದೆ, ಹಿರಿಯಾಕೆ ಅದರೊಳಗೆ ಒಂದು ಕ್ರಮಸಂಖ್ಯೆ. ಸಂತೆಯಲ್ಲಿ ಸಿಕ್ಕಾಗಲೆಲ್ಲ ಅವಳದು ಒಂದೇ ವಿಚಾರಣೆ: "ಆ ಹುಡುಗಗ ಹೆಣ್ಣು ಸಿಕ್ತೇನ್ರಿ?" ತಾನು ಹೇಳಿದ್ದು ಏನಾಯಿತೆಂದು ಮಾತ್ರ ಕೇಳಿದವಳಲ್ಲ.

ಸಂಶೋಧನೆಗೆ ಬರುವವರಲ್ಲಿ ಒಂದು ಕೋರಿಕೆ. ಪದವಿ ಸಿಕ್ಕ ಮೇಲೆ ಒಮ್ಮೆ ಬಂದು, ಬರೆದದ್ದನ್ನು ಇವರಿಗೆ ಕನ್ನಡದಲ್ಲಿ ಓದಿ ಹೇಳಿ. ನಾಟಿಯ ಹೊತ್ತಿನಲ್ಲಿ ಬೇಡ, ಸಂಜೆ ಬನ್ನಿ.